ಮೇಣದ ಕಾಲು

ಸಂಜೆಯ ಪೂಜೆ ಮುಗಿದ ಮೇಲೆ ನನ್ನ ಪಾಳಿ.
ಕಬ್ಬಿಣದ ತಟ್ಟೆಗೆ ಅಂಟಿದ ಮೇಣ
ಬಿಸಿ ಇರುವಾಗಲೇ ಕೆರೆಯಬೇಕು,
ಆರಿದರೆ ಹಟಮಾರಿ, ನನ್ನ ಹಾಗೆ.
ಆಚೆ ಶಿವಾಜಿನಗರದ ಬಸ್ಸುಗಳ ಹಾರನ್ನು,
ಈಚೆ ಮಾತೆಯ ಮುಂದೆ
ಅರ್ಧ ಉರಿದು ಗಾಳಿಗೆ ನಂದಿದ ಕೋರಿಕೆಗಳು:
ಯಾರದೋ ಎಸ್ಸೆಸ್ಸೆಲ್ಸಿ, ಯಾರದೋ ಬಸಿರು,
ಯಾರದೋ ದುಬೈ ವೀಸಾ.
ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕುತ್ತೇನೆ.
ದೇವರೂ ಹಾಗೇ ಮಾಡುತ್ತಾನೇನೋ, ಗೊತ್ತಿಲ್ಲ.

ಹೆಸರು ಆರೋಗ್ಯಮ್ಮ.
ಬೌರಿಂಗ್ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ
ಕೇಳಿ ನಕ್ಕಿದ್ದಳು. ಪಾಪ, ಬೇಕಂತ ಅಲ್ಲ.
ಆವತ್ತು ಚೌರಪ್ಪ ಸ್ಟ್ರೆಚರಿನ ಮೇಲಿದ್ದ,
ಹೆಣ್ಣೂರಿನ ಅಪಾರ್ಟ್‌ಮೆಂಟಿಗೆ ತಿಳಿಹಳದಿ ಬಳಿಯುತ್ತಾ
ಸಾರುವೆಯ ಹಗ್ಗ ಬಿಚ್ಚಿ ಬಿದ್ದವನು.
ಕಿವಿಯ ಹಿಂದಿನ ಬಣ್ಣ
ಹನ್ನೊಂದು ದಿನವಾದರೂ ಹೋಗಲಿಲ್ಲ.
ಮೇಸ್ತ್ರಿ ಎಂಟು ಸಾವಿರ ಕೊಟ್ಟು
ಫೋನ್ ನಂಬರು ಬದಲಾಯಿಸಿದ.

ಡಾಕ್ಟರು ‘ನೋಡೋಣ’ ಅಂದ ಆ ವಾರ
ಗೇಟಿನ ಬಳಿ ಜಸಿಂತಮ್ಮನ ಅಂಗಡಿಯಲ್ಲಿ
ಮೇಣದ ಕಾಲೊಂದನ್ನು ಕಡ ತಂದೆ.
ಅಲ್ಲಿ ಎಲ್ಲವೂ ಸಿಗುತ್ತದೆ: ಮೇಣದ ಕೈ, ಮೇಣದ ಕಣ್ಣು,
ಬಾಗಿಲು ತೆರೆಯದ ಮೇಣದ ಮನೆ.
ಎಡಗಾಲು ಕೊಟ್ಟಳೋ ಬಲಗಾಲೋ ಎಂದು
ನಡುರಾತ್ರಿ ಎಚ್ಚರವಾಗಿ ದಿಗಿಲು.
ಬೆಳಿಗ್ಗೆ ಓಡಿ ಬಂದು ನೋಡಿದೆ. ಬಲಗಾಲೇ.
ಅಮ್ಮಾ, ನನ್ನ ಕಡೆಯಿಂದ ತಪ್ಪಾಗಿರಲಿಲ್ಲ.

ಶುಕ್ರವಾರ ತೆಗೆದರು, ಮೊಣಕಾಲಿನ ಕೆಳಗೆ.

ನಾಲ್ಕು ತಿಂಗಳು ಚರ್ಚಿನ ಕಡೆ ತಲೆ ಹಾಕಲಿಲ್ಲ.
ಜಪಸರವನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ.
ಡಬ್ಬಿ ಬರಿದಾದಾಗ ಕೈಗೆ ಸಿಕ್ಕಿದ್ದು ಅದೇ.
ಬಂದೆ, ಕೆಲಸ ಕೇಳಲು, ಪ್ರಾರ್ಥನೆ ಕೇಳಲು ಅಲ್ಲ.
‘ಮೇಣ ಕೆರೆಯುತ್ತೀಯಾ?’ ಅಂದರು ಸ್ವಾಮಿಗಳು.
ಉಪದೇಶ ಮಾಡಲಿಲ್ಲ. ಅದಕ್ಕೇ ಉಳಿದೆ.

ಹರಕೆಯ ಬೀರು ಖಾಲಿ ಮಾಡುವ ದಿನ ಸಿಕ್ಕಿತು.
ಹಿಮ್ಮಡಿಯಲ್ಲಿ ನನ್ನದೇ ಉಗುರಿನ ಗುರುತು,
ಅಷ್ಟು ಬಿಗಿಯಾಗಿ ಹಿಡಿದಿದ್ದೆ ಆವತ್ತು.
ಸೆರಗಿನಲ್ಲಿ ಮುಚ್ಚಿ ಮನೆಗೆ ಒಯ್ಯಬಹುದಿತ್ತು.
ಹಲಸೂರು ಕೆರೆಗೆ ಎಸೆಯಬಹುದಿತ್ತು.
ಒಲೆಯ ಮೇಲೆ ಪಾತ್ರೆ ಕಾಯುತ್ತಿತ್ತು.
ಬಿಟ್ಟೆ.
ಮೊದಲು ಬೆರಳು ಕರಗಿದವು, ಆಮೇಲೆ ಪಾದ.
ಮೊಣಕಾಲು ಸ್ವಲ್ಪ ಹೊತ್ತು ತೇಲುತ್ತಿತ್ತು.
ಆಗ ಬಾಯಿಗೆ ಬಂತು, ಕರೆಯದೆ,
ಅವ್ವ ಕಲಿಸಿದ ನಮೋ ಮರಿಯ,
ಅರ್ಧಕ್ಕೆ ಮರೆತು, ಮತ್ತೆ ಮೊದಲಿಂದ.

ಆ ಭಾನುವಾರ ಓದಿದ್ದು
ಹಾಸಿಗೆ ಹೊತ್ತು ಎದ್ದು ನಡೆದವನ ಕಥೆ.
ಎಲ್ಲರೂ ಅವನ ಕಾಲು ನೋಡುತ್ತಿದ್ದರು.
ನನಗೆ ಕಂಡವರು ಮಾಡು ಕಿತ್ತು ಅವನನ್ನು ಇಳಿಸಿದ
ಹೆಸರಿಲ್ಲದ ಆ ನಾಲ್ವರು.
ಎಷ್ಟು ನೊಂದಿರಬೇಕು ಅವರ ಭುಜ.
ಹಗ್ಗ ಮಾತ್ರ ಬಿಚ್ಚಲಿಲ್ಲ.

ಕಾಲಿನಿಂದ ಆರು ಬತ್ತಿಗಳಾದವು.
ಐದು ಮಾರಿದೆ. ಒಂದು ಉಳಿಯಿತು.

ಈಗ ನೂಲು ಹೊಸೆಯುವವನು ಚೌರಪ್ಪ.
ಲಿಂಗರಾಜಪುರದ ಒಂದೇ ಕೋಣೆ, ಗೋಡೆಗೆ ಊರುಗೋಲು,
ರೈಲು ಹೋದಾಗ ಅದು ತಾನೇ ಜಾರಿ ಬೀಳುತ್ತದೆ.
ದೇವರ ಜೊತೆ ಅವನು ಮಾತು ಬಿಟ್ಟಿದ್ದಾನೆ ಇನ್ನೂ.
ಆದರೆ ಅಚ್ಚಿನ ನಡುವೆ ನೂಲನ್ನು
ಕೂದಲೆಳೆಯಷ್ಟೂ ವಾಲದಂತೆ ನಿಲ್ಲಿಸುತ್ತಾನೆ,
ಹಿಂದೆ ಗೋಡೆಯ ಅಂಚು ಎಳೆಯುತ್ತಿದ್ದ ಕೈ.

ನಿನ್ನೆ ಕರೆಂಟು ಹೋಯಿತು,
ಸಗಾಯಮೇರಿಗೆ ಬೆಳಗಾದರೆ ಗಣಿತ ಪರೀಕ್ಷೆ.
ಆರನೆಯದನ್ನು ಹಚ್ಚಿದೆ.
‘ಇದು ಯಾರ ಹರಕೆ?’ ಅಂದ, ತಮಾಷೆಗೆ.
‘ಯಾರದೋ’ ಅಂದೆ.
ಕಿಟಕಿಯಿಂದ ಗಾಳಿ ಬಂತು,
ಕುಂಡೆಯ ಮೇಲೆ ಜರುಗಿ ಬಂದು
ಉರಿಗೆ ಅಂಗೈ ಅಡ್ಡ ಹಿಡಿದ.
ಕರೆಂಟು ಬಂದ ಮೇಲೂ
ಕೈ ತೆಗೆಯಲಿಲ್ಲ.